ಅಮೆರಿಕದ ಹೊಲ, ಹೆಂಗಸು, ಗಡಿ: ಸಂಶೋಧನೆಗೆ ಇಳಿಯುವ ವಿದ್ಯಾರ್ಥಿಗಳು ಪದೇ ಪದೇ ಕೇಳುವ ಪ್ರಶ್ನೆಗಳು

ಇತಿಹಾಸದಲ್ಲಿ ಎಂ.ಎ. ಮಾಡುತ್ತಿರುವವರು, ಪಿಎಚ್.ಡಿ.ಗೆ ಸಿನಾಪ್ಸಿಸ್ ಬರೆಯಲು ಕೂತವರು, ಅಮೆರಿಕದ ಕಾಲೇಜುಗಳಲ್ಲಿ ಓದುತ್ತಿರುವ ಕನ್ನಡದ ಹುಡುಗ ಹುಡುಗಿಯರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಅಮೆರಿಕ ಮತ್ತು ಮೆಕ್ಸಿಕೊ ನಡುವಿನ ಗಡಿಗೆ ಅಂಟಿದ ಕ್ಯಾಲಿಫೋರ್ನಿಯ, ಅರಿಜೋನ, ನ್ಯೂ ಮೆಕ್ಸಿಕೊ, ಟೆಕ್ಸಸ್ ಇಲ್ಲಿನ ಮುಖ್ಯ ನೆಲ. ಕೆಲವು ಉತ್ತರಗಳು ಉದ್ದವಾಗಿವೆ, ಕೆಲವು ನಾಲ್ಕೇ ಸಾಲಿನಲ್ಲಿ ಮುಗಿದಿವೆ. ವಿಷಯ ಕೇಳಿದಷ್ಟು ಬರೆದಿದ್ದೇನೆ.

ಕೃಷಿ ಇತಿಹಾಸ ಒಂದು ವಿಷಯ, ಮಹಿಳಾ ಇತಿಹಾಸ ಇನ್ನೊಂದು, ಗಡಿ ಮತ್ತೊಂದು. ಮೂರನ್ನೂ ಒಂದೇ ಪ್ರಬಂಧಕ್ಕೆ ಯಾಕೆ ತುರುಕಬೇಕು?

ತುರುಕಬೇಕಾಗಿಲ್ಲ, ಅವು ಮೊದಲಿನಿಂದಲೂ ಒಟ್ಟಿಗೇ ಇವೆ. ಕ್ಯಾಲಿಫೋರ್ನಿಯದ ತೆಂಕಣ ತುದಿಯ ಇಂಪೀರಿಯಲ್ ಕಣಿವೆಯನ್ನೇ ನೋಡಿ. ಸಮುದ್ರ ಮಟ್ಟಕ್ಕಿಂತ ಕೆಳಗಿರುವ ಮರಳುಗಾಡು ಅದು. 1901ರಲ್ಲಿ ಕೊಲೊರಾಡೊ ನದಿಯ ನೀರು ಅಲ್ಲಿಗೆ ಹರಿದು ಬಂತು. ಆ ಕಾಲುವೆ ಬಹುಪಾಲು ಮೆಕ್ಸಿಕೊದ ನೆಲದೊಳಗೆ ಸುತ್ತಿಕೊಂಡು ಬರುತ್ತಿತ್ತು. 1905ರಲ್ಲಿ ನದಿ ಏರಿ ಕಾಲುವೆಗೇ ನುಗ್ಗಿತು, 1907ರವರೆಗೆ ಹರಿಯುತ್ತಲೇ ಇತ್ತು, ತಗ್ಗಿನಲ್ಲಿ ನಿಂತ ಆ ನೀರೇ ಇಂದಿನ ಸಾಲ್ಟನ್ ಸರೋವರ. ಆಮೇಲೆ ಹತ್ತಿ, ಕರಬೂಜ, ಲೆಟ್ಯೂಸ್ ಸೊಪ್ಪು ಬೆಳೆದರು. ಹತ್ತಿ ಬಿಡಿಸುವುದಕ್ಕೆ ಗಡಿಯಾಚೆಯಿಂದ ಮೆಕ್ಸಿಕೊದ ಸಂಸಾರಗಳು ಬಂದವು. ಜಮೀನು ಯಾರ ಹೆಸರಿಗೆ ಆಗಬಹುದು, ಯಾರು ಯಾರನ್ನು ಮದುವೆಯಾಗಬಹುದು, ಮದುವೆಯಾದ ಹೆಣ್ಣಿನ ಪೌರತ್ವ ಉಳಿಯುತ್ತದೋ ಹೋಗುತ್ತದೋ ಎನ್ನುವುದನ್ನೆಲ್ಲ ಕಾನೂನು ನಿರ್ಧರಿಸಿತು. ನೀರು, ಬೆಳೆ, ಮದುವೆ, ಗಡಿ ನಾಲ್ಕೂ ಒಂದೇ ತೋಟದ ಲೆಕ್ಕದಲ್ಲಿ ಸಿಗುವಾಗ ಅವನ್ನು ಬೇರೆ ಬೇರೆ ಕಪಾಟಿನಲ್ಲಿ ಇಟ್ಟು ಓದಿದರೆ ಅರ್ಧ ಕತೆ ಕೈತಪ್ಪುತ್ತದೆ.

ಗಡಿಯ ಇತಿಹಾಸವನ್ನು ಯಾವ ವರ್ಷದಿಂದ ಶುರು ಮಾಡಬೇಕು?

ಕಾಗದದ ಲೆಕ್ಕದಲ್ಲಿ 1848ರ ಫೆಬ್ರುವರಿ 2, ಗ್ವಾಡಲೂಪೆ ಹಿಡಾಲ್ಗೊ ಒಪ್ಪಂದ. ಯುದ್ಧದಲ್ಲಿ ಸೋತ ಮೆಕ್ಸಿಕೊ ತನ್ನ ಅರ್ಧದಷ್ಟು ನೆಲವನ್ನು ಬಿಟ್ಟುಕೊಟ್ಟಿತು. ಅಲ್ಲಿದ್ದ ಜನ ಕೂತಲ್ಲೇ ಬೇರೆ ದೇಶದವರಾದರು. 1956ರಲ್ಲಿ ರಾಜ್ಯಗಳ ಗೆರೆ ಬದಲಾದಾಗ ಮನೆ ಬದಲಿಸದೆ ರಾಜ್ಯ ಬದಲಾದ ಅನುಭವ ಕಾಸರಗೋಡಿನ ಕನ್ನಡಿಗರಿಗೆ ಇದೆ, ಅವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಆದರೆ ದೇಶವೇ ಬದಲಾಗುವುದು, ಭೂಮಿಯ ಕಾನೂನೇ ಬದಲಾಗುವುದು ಅದಕ್ಕಿಂತ ಬಲು ದೊಡ್ಡ ಪೆಟ್ಟು.

ಕಾವಲಿನ ಲೆಕ್ಕದಲ್ಲಿ ನೋಡಿದರೆ ಗಡಿ ಬಹಳ ತಡವಾಗಿ ಬಂತು. 1917ರ ವಲಸೆ ಕಾಯ್ದೆ ಎಂಟು ಡಾಲರ್ ತಲೆಗಂದಾಯವನ್ನೂ ಓದು ಬರಹದ ಪರೀಕ್ಷೆಯನ್ನೂ ತಂದಿತು. ಗಡಿ ಪಹರೆ ದಳ ಹುಟ್ಟಿದ್ದು 1924ರಲ್ಲಿ. ಅಲ್ಲಿಯವರೆಗೆ ಟೆಕ್ಸಸ್‌ನ ಎಲ್ ಪಾಸೊ ಮತ್ತು ಎದುರು ದಡದ ಮೆಕ್ಸಿಕೊದ ಊರು ಹ್ವಾರೆಸ್ ನಡುವೆ ಜನ ದಿನಾ ಕೆಲಸಕ್ಕೆ ಹೋಗಿ ಬರುತ್ತಿದ್ದರು. ಹಾಗೆ ಹೋಗಿ ಬರುತ್ತಿದ್ದವರಲ್ಲಿ ಮನೆಗೆಲಸದ ಹೆಂಗಸರು ಬಹಳ. 1917ರ ಜನವರಿ 28ರಂದು ಆ ಎರಡು ಊರುಗಳ ನಡುವಿನ ಸಾಂಟಾ ಫೆ ಸೇತುವೆಯ ಮೇಲೆ ಅವರನ್ನು ಟ್ರಾಮಿನಿಂದ ಇಳಿಸಿ, ಹೇನು ಸಾಯಲೆಂದು ಸೀಮೆಎಣ್ಣೆ ಬೆರೆಸಿದ ನೀರಿನಲ್ಲಿ ಸ್ನಾನ ಮಾಡಿ ಎಂದಾಗ, ಕಾರ್ಮೆಲಿಟಾ ಟೊರೆಸ್ ಎಂಬ 17 ವರ್ಷದ ಹುಡುಗಿ ಒಪ್ಪಲಿಲ್ಲ. ಅದಕ್ಕೆ ಹಿಂದಿನ ವರ್ಷವಷ್ಟೇ ಎಲ್ ಪಾಸೊ ಜೈಲಿನಲ್ಲಿ ಇಂಥದ್ದೇ ಸ್ನಾನದ ವೇಳೆ ಬೆಂಕಿ ಹೊತ್ತಿ ಕೈದಿಗಳು ಸತ್ತಿದ್ದರು. ಟ್ರಾಮಿನಲ್ಲಿದ್ದ ಇತರ ಹೆಂಗಸರೂ ಅವಳ ಜೊತೆ ನಿಂತರು, ಸೇತುವೆ ಬಂದ್ ಆಯಿತು. ಗಡಿಯ ಇತಿಹಾಸವನ್ನು ಒಪ್ಪಂದಗಳಿಂದ ಶುರು ಮಾಡುವ ಪ್ರಬಂಧಗಳು ಸಾಕಷ್ಟಿವೆ. ಈ ಸೇತುವೆಯಿಂದ ಶುರು ಮಾಡಿದರೆ ನಿಮ್ಮ ಪ್ರಬಂಧಕ್ಕೆ ಮೊದಲ ಪುಟದಲ್ಲೇ ಜೀವ ಬರುತ್ತದೆ.

ಆ ಕಾಲದಲ್ಲಿ ಹೆಂಗಸರಿಗೆ ಜಮೀನಿನ ಹಕ್ಕೇ ಇರಲಿಲ್ಲ ಎಂದು ಓದಿದ್ದೇನೆ. ಹಾಗಾದರೆ ಭೂದಾಖಲೆಗಳಲ್ಲಿ ಅವರನ್ನು ಹುಡುಕಿ ಏನು ಪ್ರಯೋಜನ?

ನೀವು ಓದಿದ್ದು ಇಂಗ್ಲಿಷ್ ಕಾನೂನಿನ ಮಾತು. ಅದರಲ್ಲಿ ಮದುವೆಯಾದ ಹೆಣ್ಣಿನ ಆಸ್ತಿ ಗಂಡನ ಹಿಡಿತಕ್ಕೆ ಹೋಗುತ್ತಿತ್ತು. ಸ್ಪೇನ್ ಮತ್ತು ಮೆಕ್ಸಿಕೊದ ಕಾನೂನಿನಲ್ಲಿ ಹಾಗಿರಲಿಲ್ಲ. ಹೆಣ್ಣು ತವರಿನಿಂದ ತಂದದ್ದು, ಪಿತ್ರಾರ್ಜಿತವಾಗಿ ಬಂದದ್ದು ಮದುವೆಯ ನಂತರವೂ ಅವಳದೇ. ಮದುವೆಯಾದ ಮೇಲೆ ದುಡಿದು ಗಳಿಸಿದ್ದು ಇಬ್ಬರದೂ. ಕ್ಯಾಲಿಫೋರ್ನಿಯ ರಾಜ್ಯವಾಗುವಾಗ 1849ರ ಸಂವಿಧಾನದಲ್ಲಿ ಹೆಂಡತಿಯ ಪ್ರತ್ಯೇಕ ಆಸ್ತಿಯನ್ನು ಉಳಿಸಿಕೊಂಡದ್ದು ಈ ಹಳೆಯ ಪದ್ಧತಿಯಿಂದಲೇ.

ಹ್ವಾನಾ ಬ್ರಿಯೊನೆಸ್ ಅವರನ್ನು ನೋಡಿ. ಓದು ಬರಹ ಬಾರದ ಹೆಂಗಸು. ಹೊಡೆಯುವ ಗಂಡನಿಂದ ದೂರವಾಗಿ ಮಕ್ಕಳನ್ನು ಸಾಕಿದರು, ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹಾಲು, ತರಕಾರಿ ಮಾರಿ ದುಡ್ಡು ಕೂಡಿಟ್ಟರು. 1844ರಲ್ಲಿ ಲಾ ಪುರಿಸಿಮಾ ಕನ್ಸೆಪ್ಸಿಯೊನ್ ಎಂಬ ಸುಮಾರು 4,400 ಎಕರೆಯ ರಾಂಚನ್ನು ಕೊಂಡರು. ಅಮೆರಿಕದ ಆಡಳಿತ ಬಂದ ಮೇಲೆ 1851ರ ಭೂ ಕಾಯ್ದೆ, ಜಮೀನು ತನ್ನದೆಂದು ಸಾಬೀತು ಮಾಡುವ ಹೊರೆಯನ್ನು ಹಳೆಯ ಮಾಲೀಕರ ತಲೆಗೇ ಕಟ್ಟಿತು. ವಕೀಲರ ಫೀಸಿಗೇ ಎಷ್ಟೋ ಕುಟುಂಬಗಳ ಜಮೀನು ಕರಗಿತು. ಬ್ರಿಯೊನೆಸ್ ವರ್ಷಗಟ್ಟಲೆ ಕೇಸು ನಡೆಸಿ ಗೆದ್ದರು. ಆ ರಾಂಚು ಇದ್ದದ್ದು ಇವತ್ತಿನ ಪಾಲೊ ಆಲ್ಟೊ, ಲಾಸ್ ಆಲ್ಟೋಸ್ ಹಿಲ್ಸ್ ಭಾಗದಲ್ಲಿ. ಬೇ ಏರಿಯಾದಲ್ಲಿರುವ ನಮ್ಮವರು ಎಷ್ಟೋ ಜನ ದಿನಾ ಕಾರಿನಲ್ಲಿ ಓಡಾಡುವ ನೆಲ. ಪಾಲೊ ಆಲ್ಟೊದಲ್ಲಿ ಅವರ ಹೆಸರಿನ ಶಾಲೆಯೂ ಪಾರ್ಕೂ ಇವೆ. ಅವರ ಮನೆಯನ್ನು ಮಾತ್ರ 2011ರಲ್ಲಿ ಕೆಡವಿದರು, ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹಾಗೆಯೇ 1862ರ ಹೋಮ್‌ಸ್ಟೆಡ್ ಕಾಯ್ದೆ. 160 ಎಕರೆ ಸರ್ಕಾರಿ ಜಮೀನಿನಲ್ಲಿ ಐದು ವರ್ಷ ಬಾಳಿ, ಉತ್ತು ತೋರಿಸಿದರೆ ಪಟ್ಟಾ ಸಿಗುತ್ತಿತ್ತು. 21 ದಾಟಿದ ಅವಿವಾಹಿತೆಯೂ ವಿಧವೆಯೂ ಅರ್ಜಿ ಹಾಕಬಹುದಿತ್ತು. ಗಂಡನ ಜೊತೆಗಿರುವ ಹೆಂಡತಿ ಹಾಕುವಂತಿರಲಿಲ್ಲ, ಏಕೆಂದರೆ ಮನೆಯ ಯಜಮಾನ ಒಬ್ಬನೇ ಎಂದು ಕಾಯ್ದೆ ಎಣಿಸಿತ್ತು. ಪಟ್ಟಾಗಳನ್ನು ಅಮೆರಿಕದ ಭೂ ನಿರ್ವಹಣಾ ಇಲಾಖೆಯ ತಾಣದಲ್ಲಿ ಪುಕ್ಕಟೆಯಾಗಿ ಹುಡುಕಬಹುದು. ಅದರ ಹಿಂದಿನ ಕಡತ ರಾಷ್ಟ್ರೀಯ ಪತ್ರಾಗಾರದಲ್ಲಿ ಸಿಗುತ್ತದೆ. ಎಷ್ಟು ಎಕರೆ ಉತ್ತರು, ಬಾವಿ ತೋಡಿದರೇ, ಮನೆಗೆ ಎಷ್ಟು ಕಿಟಕಿ ಎಂಬುದಕ್ಕೆಲ್ಲ ನೆರೆಯವರ ಸಾಕ್ಷಿ ಹೇಳಿಕೆ ಅದರಲ್ಲಿರುತ್ತದೆ. ಆ ಜಮೀನು ಅದಕ್ಕೂ ಮೊದಲು ಯಾವ ಮೂಲನಿವಾಸಿ ಜನರದ್ದಾಗಿತ್ತು ಎಂಬ ಪ್ರಶ್ನೆಯನ್ನೂ ಕೇಳದೆ ಈ ಅಧ್ಯಾಯ ಮುಗಿಸಬೇಡಿ.

ಜನಗಣತಿ ಹಾಳೆಗಳನ್ನು ಡೌನ್‌ಲೋಡ್ ಮಾಡಿದ್ದೇನೆ. ಹೆಂಗಸರ ಉದ್ಯೋಗದ ಕಾಲಂನಲ್ಲಿ ಎಲ್ಲ ಕಡೆ ‘ಇಲ್ಲ’ ಎಂದೇ ಇದೆ. ಈಗೇನು ಮಾಡಲಿ?

ಈ ಪುಟದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಈ ಉತ್ತರದಲ್ಲಿದೆ. ಯಾವ ದಾಖಲೆಯನ್ನೇ ಓದುವ ಮೊದಲು, ಅದನ್ನು ತುಂಬಿದವನಿಗೆ ಕೊಟ್ಟಿದ್ದ ನಿಯಮವನ್ನು ಓದಿ. ಎಣಿಸಲು ಬಂದ ಗುಮಾಸ್ತನ ಕೈಯಲ್ಲಿ ಒಂದು ಸೂಚನಾ ಪುಸ್ತಿಕೆ ಇರುತ್ತಿತ್ತು. ಅವೆಲ್ಲ ಇಂದು ಆನ್‌ಲೈನಿನಲ್ಲಿವೆ.

1910ರ ಸೂಚನೆ ಹೀಗಿತ್ತು: ಹೆಂಗಸು ಗಂಡನ ಹೊಲದಲ್ಲೋ ಮಗನ ಹೊಲದಲ್ಲೋ ನಿಯಮಿತವಾಗಿ ದುಡಿಯುತ್ತಿದ್ದರೆ, ಅವಳಿಗೆ ಕೂಲಿ ಸಿಗದಿದ್ದರೂ ಸರಿ, ಅವಳನ್ನು ಕೃಷಿ ಕಾರ್ಮಿಕಳೆಂದೇ ಬರೆಯಬೇಕು. ಎಣಿಕೆ ನಡೆದದ್ದು ಏಪ್ರಿಲ್ ಮಧ್ಯದಲ್ಲಿ, ಹೊಲದಲ್ಲಿ ಕೆಲಸ ಇರುವ ಕಾಲ. ಕೃಷಿಯಲ್ಲಿ ದುಡಿಯುವ ಹೆಂಗಸರು ಆ ವರ್ಷ ಸುಮಾರು 18 ಲಕ್ಷ ಎಂದು ಬಂತು. 1920ಕ್ಕೆ ಸೂಚನೆಯನ್ನು ಬಿಗಿ ಮಾಡಿದರು. ಎಣಿಕೆಯ ದಿನವನ್ನು ಜನವರಿ 1ಕ್ಕೆ ಸರಿಸಿದರು, ಹಿಮ ಬಿದ್ದು ಹೊಲ ಬರಿದಾಗಿರುವ ಹೊತ್ತು. ಸಂಖ್ಯೆ ಸುಮಾರು 11 ಲಕ್ಷಕ್ಕೆ ಇಳಿಯಿತು. ಹತ್ತು ವರ್ಷದಲ್ಲಿ ಏಳು ಲಕ್ಷ ಹೆಂಗಸರು ಹೊಲ ಬಿಟ್ಟು ಎದ್ದು ಹೋದರೇ? ಕೆಲವರು ಪೇಟೆಗೆ ಹೋಗಿರಬಹುದು, ಆದರೆ ಇಳಿಕೆಯ ದೊಡ್ಡ ಪಾಲು ಪುಸ್ತಿಕೆಯ ಸಾಲು ಮತ್ತು ಕ್ಯಾಲೆಂಡರಿನ ದಿನಾಂಕ ಬದಲಾದದ್ದರಿಂದ ಆದದ್ದು. ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ‘ಮಹಿಳೆಯರ ಪಾಲ್ಗೊಳ್ಳುವಿಕೆ ಕುಸಿಯಿತು’ ಎಂದು ಬರೆದ ಪ್ರಬಂಧಗಳನ್ನು ಓದಿದಾಗ ಬೇಸರವಾಗುತ್ತದೆ.

ನಮ್ಮ ಪಹಣಿಯಲ್ಲಿ ಗಂಡಸಿನ ಹೆಸರಿದ್ದು, ನಾಟಿ, ಕಳೆ, ಕುಯ್ಲು ಎಲ್ಲ ಹೆಂಗಸರ ಕೈಯಲ್ಲಿ ನಡೆಯುವುದನ್ನು ನೀವು ಕಂಡಿದ್ದೀರಿ. ಅದೇ ಕಣ್ಣಿನಿಂದ ಆ ಹಾಳೆ ನೋಡಿ.

ಉದ್ಯೋಗದ ಕಾಲಂನಲ್ಲಿ ‘ಇಲ್ಲ’ ಎಂದಿದ್ದರೆ ಅದೇ ಸಾಲಿನ ಉಳಿದ ಕಾಲಂಗಳಿಗೆ ಹೋಗಿ. ಮನೆಯಲ್ಲಿ ಬಾಡಿಗೆಗೆ ಇರುವವರು, ಊಟಕ್ಕೆ ಇರುವವರು ನಾಲ್ಕಾರು ಮಂದಿ ಇದ್ದಾರೆಯೇ? ಇದ್ದರೆ ಅವರಿಗೆಲ್ಲ ಅಡುಗೆ ಮಾಡಿ ಹಾಕಿ, ಬಟ್ಟೆ ಒಗೆದು, ತಿಂಗಳಿಗಿಷ್ಟು ಎಂದು ಪಡೆಯುತ್ತಿದ್ದವಳು ಆ ಮನೆಯಾಕೆಯೇ. ಮಕ್ಕಳು ಹುಟ್ಟಿದ ಊರುಗಳನ್ನು ಹಿರಿಯದರಿಂದ ಕಿರಿಯದರವರೆಗೆ ಓದಿ. ಒಂದು ಮೆಕ್ಸಿಕೊದ ಚಿವಾವಾದಲ್ಲಿ, ಒಂದು ಎಲ್ ಪಾಸೊದಲ್ಲಿ, ಒಂದು ಅರಿಜೋನದಲ್ಲಿ, ಕೊನೆಯದು ಇಂಪೀರಿಯಲ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ) ಎಂದಿದ್ದರೆ ಆ ಸಂಸಾರ ಬೆಳೆಯ ಹಿಂದೆ ನಡೆದ ದಾರಿ ನಿಮ್ಮ ಕಣ್ಣ ಮುಂದೆ ಬಿಡಿಸಿಕೊಳ್ಳುತ್ತದೆ. 1930ರ ಹಾಳೆಯಲ್ಲಿ ಹೆಂಡತಿ ಎಂಬ ಪದದ ಪಕ್ಕ ‘ಎಚ್’ ಅಕ್ಷರ ಕಂಡರೆ ಆಕೆಯನ್ನು ಗೃಹಿಣಿ ಎಂದು ಗುರುತಿಸಿದ್ದಾರೆ ಎಂದರ್ಥ.

ಜನಾಂಗದ ಕಾಲಂನಲ್ಲೂ ಇದೇ ಎಚ್ಚರ ಬೇಕು. ‘ಮೆಕ್ಸಿಕನ್’ ಎಂಬುದನ್ನು ಒಂದು ಜನಾಂಗವೆಂದು ಬರೆದದ್ದು 1930ರ ಜನಗಣತಿಯಲ್ಲಿ ಮಾತ್ರ. ಪ್ರತಿಭಟನೆಯಾದ ಮೇಲೆ 1940ರಲ್ಲಿ ಕೈಬಿಟ್ಟರು. ಭಾರತದಿಂದ ಹೋದವರನ್ನು ಸಿಖ್ಖರಾಗಲಿ ಮುಸ್ಲಿಮರಾಗಲಿ 1920ರಿಂದ 1940ರವರೆಗಿನ ಗಣತಿಗಳು ‘ಹಿಂದೂ’ ಎಂದು ಬರೆದವು. ಒಂದೇ ಕುಟುಂಬ ಒಂದು ದಶಕದಲ್ಲಿ ಬಿಳಿಯರು, ಮುಂದಿನ ದಶಕದಲ್ಲಿ ಮೆಕ್ಸಿಕನ್, ಅದರ ಮುಂದಿನದರಲ್ಲಿ ಮತ್ತೆ ಬಿಳಿಯರು ಎಂದು ಕಂಡರೆ ಗಾಬರಿ ಬೇಡ.

ಭಾರತಕ್ಕೂ ಈ ಗಡಿಗೂ ನಿಜವಾದ ಸಂಬಂಧ ಏನಾದರೂ ಇದೆಯೇ?

ಇದೆ, ಗಟ್ಟಿಯಾದ ಸಂಬಂಧವೇ ಇದೆ. 1900ರ ನಂತರ ಪಂಜಾಬಿನ ರೈತ ಮನೆತನಗಳ ಗಂಡಸರು ಕ್ಯಾಲಿಫೋರ್ನಿಯಕ್ಕೆ ಹೋದರು. 1917ರ ಕಾಯ್ದೆ ಭಾರತವೂ ಸೇರಿ ಏಷ್ಯದ ಬಹುಭಾಗದವರಿಗೆ ಬಾಗಿಲು ಹಾಕಿತು, ಊರಿನಲ್ಲಿದ್ದ ಹೆಂಡಿರನ್ನು ಕರೆಸಿಕೊಳ್ಳುವಂತಿಲ್ಲ, ಹೋಗಿ ಬಂದರೆ ಮತ್ತೆ ಒಳಗೆ ಬಿಡುತ್ತಾರೆಂಬ ಭರವಸೆಯೂ ಇಲ್ಲ. ಅದೇ ಹೊತ್ತಿಗೆ ಮೆಕ್ಸಿಕೊದ ಕ್ರಾಂತಿಯಿಂದ ತಪ್ಪಿಸಿಕೊಂಡು ಬಂದ ಸಂಸಾರಗಳು ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬಿಡಿಸುತ್ತಿದ್ದವು. ಅಲ್ಲಿ ಪಂಜಾಬಿ ಗಂಡಸರಿಗೂ ಮೆಕ್ಸಿಕನ್ ಹೆಣ್ಣುಮಕ್ಕಳಿಗೂ ಮದುವೆಗಳಾದವು. ಬಿಳಿಯರಿಗೂ ಇತರರಿಗೂ ಮದುವೆಯಾಗಬಾರದೆಂಬ ಕಾನೂನು ಕ್ಯಾಲಿಫೋರ್ನಿಯದಲ್ಲಿ 1948ರವರೆಗೂ ಇತ್ತು. ವಧು ವರರ ಮೈಬಣ್ಣ ಹತ್ತಿರ ಹತ್ತಿರ ಇದೆ ಎಂದು ಕೌಂಟಿ ಗುಮಾಸ್ತನಿಗೆ ಅನಿಸಿದರೆ ಲೈಸೆನ್ಸ್ ಸಿಗುತ್ತಿತ್ತು, ಇಲ್ಲವಾದರೆ ಬೇರೆ ಕೌಂಟಿಗೋ ಬೇರೆ ರಾಜ್ಯಕ್ಕೋ ಹೋಗಬೇಕಾಗುತ್ತಿತ್ತು. ಅಕ್ಕ ತಂಗಿಯರು ಜೊತೆ ಪಾಲುದಾರರಾಗಿದ್ದ ಇಬ್ಬರು ಪಂಜಾಬಿಗಳನ್ನು ಮದುವೆಯಾಗಿ ಒಂದೇ ತೋಟದಲ್ಲಿ ಬಾಳಿದ್ದುಂಟು. ಮಕ್ಕಳಿಗೆ ಸ್ಪ್ಯಾನಿಷ್ ಹೆಸರು, ಮನೆಮಾತು ಸ್ಪ್ಯಾನಿಷ್, ಕೊನೆಗೆ ‘ಸಿಂಗ್’.

ಈಗ ಜಮೀನಿನ ವಿಷಯಕ್ಕೆ ಬನ್ನಿ. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂದು ಕ್ಯಾಲಿಫೋರ್ನಿಯ 1913ರಲ್ಲಿ ಕಾಯ್ದೆ ಮಾಡಿತು, 1920ರಲ್ಲಿ ಗೇಣಿಗೆ ಹಿಡಿಯುವುದನ್ನೂ ತಡೆಯಿತು. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದ ಮೇಲೆ ಈ ಕಾಯ್ದೆಯ ಉರುಳು ಪಂಜಾಬಿಗಳ ಕೊರಳಿಗೂ ಬಿತ್ತು. ಹೆಂಡತಿಯ ಹೆಸರಿಗೆ ಮಾಡಿದರೆ ಸಾಕಿತ್ತಲ್ಲ ಎಂದು ಸುಮಾರು ಜನ ಕೇಳುತ್ತಾರೆ. ಅಲ್ಲೂ ಗಂಟು ಹಾಕಿತ್ತು ಕಾನೂನು. 1922ರ ಕೇಬಲ್ ಕಾಯ್ದೆ, ಪರದೇಶದವನನ್ನು ಮದುವೆಯಾದ ಅಮೆರಿಕನ್ ಹೆಣ್ಣಿನ ಪೌರತ್ವ ತನ್ನಿಂತಾನೇ ಹೋಗುವುದನ್ನು ನಿಲ್ಲಿಸಿತು ನಿಜ, ಆದರೆ ಪೌರತ್ವಕ್ಕೆ ಅರ್ಹನಲ್ಲದವನನ್ನು ಮದುವೆಯಾದರೆ ಹೋಗುತ್ತದೆ ಎಂಬ ಸಾಲನ್ನು ಉಳಿಸಿಕೊಂಡಿತು. ಆ ಸಾಲು 1931ರಲ್ಲಿ ಅಳಿಯಿತು. ಮೆಕ್ಸಿಕೊದ ಪ್ರಜೆಯಾಗಿಯೇ ಉಳಿದ ಹೆಂಡತಿಯ ಸ್ಥಿತಿ ಇನ್ನೊಂದು ಬಗೆ. ಹೀಗೆ ಗಂಡನ ಜನಾಂಗ, ಹೆಂಡತಿಯ ಪೌರತ್ವ, ಹೊಲದ ಗೇಣಿಪತ್ರ ಮೂರೂ ಒಂದಕ್ಕೊಂದು ಹೆಣೆದುಕೊಂಡಿದ್ದವು. ದಾರಿ ಹುಡುಕಿದವರು ನಂಬಿಕೆಯ ಬಿಳಿಯರ ಹೆಸರಿನಲ್ಲಿ, ಅಲ್ಲಿಯೇ ಹುಟ್ಟಿ ಪೌರರಾಗಿದ್ದ ಮಕ್ಕಳ ಹೆಸರಿನಲ್ಲಿ ಜಮೀನು ಮಾಡಿದರು.

1946ರ ಲೂಸ್-ಸೆಲ್ಲರ್ ಕಾಯ್ದೆಯಿಂದ ಭಾರತೀಯರಿಗೆ ಪೌರತ್ವದ ದಾರಿ ತೆರೆಯಿತು. ಬರ್ಕ್ಲಿಯಲ್ಲಿ ಗಣಿತದ ಪಿಎಚ್.ಡಿ. ಮಾಡಿಯೂ ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯ ಮಾಡಿಕೊಂಡಿದ್ದ ದಲಿಪ್ ಸಿಂಗ್ ಸೌಂದ್ 1949ರಲ್ಲಿ ಪೌರರಾದರು, 1956ರಲ್ಲಿ ಅಮೆರಿಕದ ಸಂಸತ್ತಿಗೆ ಗೆದ್ದರು. ಅಲ್ಲಿಗೆ ಹೋದ ಏಷ್ಯ ಮೂಲದ ಮೊದಲಿಗರು ಅವರು. ಸೌಂದ್ ಬಗ್ಗೆ ಬರೆಯುವವರು ಬಹಳ. ಅದೇ ಕಣಿವೆಯಲ್ಲಿ ಬಾಳಿದ ಮೆಕ್ಸಿಕನ್ ತಾಯಂದಿರ ಬಗ್ಗೆ ಬರೆಯುವ ಕನ್ನಡದ ವಿದ್ಯಾರ್ಥಿನಿ ಒಬ್ಬಳಾದರೂ ಬರಲಿ ಎಂಬುದು ನನ್ನ ಆಸೆ.

ಬ್ರಸೆರೊ ಯೋಜನೆ ಗಂಡಸರಿಗೆ ಮಾತ್ರ ಇತ್ತು. ಅದರಲ್ಲಿ ಹೆಣ್ಣಿನ ಇತಿಹಾಸ ಎಲ್ಲಿಂದ ಬರಬೇಕು?

ಯೋಜನೆ ಗಂಡಸರಿಗೆ ಮಾತ್ರ ಇತ್ತೆಂಬುದೇ ಹೆಣ್ಣಿನ ಇತಿಹಾಸ. ಮೆಕ್ಸಿಕೊದ ಕೂಲಿಗಳನ್ನು ಕರಾರಿನ ಮೇಲೆ ಅಮೆರಿಕಕ್ಕೆ ತರಲು 1942ರ ಆಗಸ್ಟಿನಲ್ಲಿ ಎರಡೂ ಸರ್ಕಾರಗಳು ಮಾಡಿಕೊಂಡ ಒಪ್ಪಂದ 1964ರ ಕೊನೆಯವರೆಗೆ ನಡೆಯಿತು. ಸುಮಾರು 46 ಲಕ್ಷ ಕರಾರುಗಳಾದವು. ಒಬ್ಬನೇ ಹಲವು ಸಲ ಹೋದದ್ದುಂಟು, ಹಾಗಾಗಿ 46 ಲಕ್ಷ ಜನ ಎಂದು ಬರೆಯಬೇಡಿ. ಸಂಸಾರವನ್ನು ಕರೆತರುವಂತಿಲ್ಲ, ಬೆಳೆ ಮುಗಿದರೆ ವಾಪಸು. ಊರಿನಲ್ಲಿ ಉಳಿದ ಹೆಂಡತಿ ಹೊಲ ಉತ್ತಳು, ಸಾಲ ತೀರಿಸಿದಳು, ಮಕ್ಕಳನ್ನು ಬೆಳೆಸಿದಳು, ಬರುವ ಮನಿಯಾರ್ಡರಿಗೆ ಕಾದಳು. ಕರಾರಿನಲ್ಲಿ ಅವಳ ಹೆಸರಿಲ್ಲ. ಆದರೆ ಅವಳ ದುಡಿಮೆ ಇಲ್ಲದಿದ್ದರೆ ಅಷ್ಟು ಕಡಿಮೆ ಕೂಲಿಗೆ ಗಂಡಸು ಸಿಗುತ್ತಿರಲಿಲ್ಲ.

ಆರಂಭದ ವರ್ಷಗಳಲ್ಲಿ ಕೂಲಿಯಲ್ಲಿ ಶೇ 10ರಷ್ಟನ್ನು ಉಳಿತಾಯವೆಂದು ಮುರಿದುಕೊಳ್ಳುತ್ತಿದ್ದರು. ಎಷ್ಟೋ ಮಂದಿಗೆ ಆ ಹಣ ಮರಳಿ ಸಿಗಲೇ ಇಲ್ಲ. ಅರ್ಧ ಶತಮಾನದ ನಂತರ ಅದನ್ನು ಕೇಳಲು ಬಂದವರಲ್ಲಿ ವಿಧವೆಯರಿದ್ದರು, ಕೈಯಲ್ಲಿ ಗಂಡನ ಹಳೆಯ ಕರಾರುಪತ್ರ, ಗುರುತಿನ ಚೀಟಿ, ಪತ್ರಗಳು. ಅವನ್ನು ಜೋಪಾನ ಮಾಡಿದವರು ಅವರೇ, ಇವತ್ತು ಸಂಶೋಧಕರು ಓದುತ್ತಿರುವ ಎಷ್ಟೋ ಕಾಗದ ಹೆಂಗಸರ ಟ್ರಂಕಿನಿಂದ ಬಂದದ್ದು.

ಫೋಟೋಗಳಿಗೆ ಲಿಯೊನಾರ್ಡ್ ನಡೆಲ್ 1956ರಲ್ಲಿ ತೆಗೆದ ಸಂಗ್ರಹ ಸ್ಮಿತ್ಸೋನಿಯನ್ ಸಂಸ್ಥೆಯಲ್ಲಿದೆ. ಕೂಲಿಗಳನ್ನು ಸಾಲಾಗಿ ನಿಲ್ಲಿಸಿ ಮುಖಕ್ಕೇ ಡಿಡಿಟಿ ಪುಡಿ ಹೊಡೆಯುವ ಚಿತ್ರ ಅದರಲ್ಲಿದೆ. 1917ರ ಸೇತುವೆಯನ್ನು ನೆನಪಿಟ್ಟುಕೊಂಡು ಅದನ್ನು ನೋಡಿ.

ಯೋಜನೆ ನಿಂತ ಮೇಲೆ ಕ್ಯಾಲಿಫೋರ್ನಿಯದ ಟೊಮೆಟೊ ಹೊಲಗಳಿಗೆ ಕುಯ್ಲು ಯಂತ್ರ ಬಂತು. ಡೇವಿಸ್‌ನಲ್ಲಿರುವ ವಿಶ್ವವಿದ್ಯಾಲಯದಲ್ಲಿ ಯಂತ್ರವನ್ನೂ ಅದಕ್ಕೆ ತಾಳುವ ಗಟ್ಟಿ ತಳಿಯನ್ನೂ ಜೊತೆಜೊತೆಯಾಗಿ ರೂಪಿಸಿದ್ದರು. ಯಂತ್ರದ ಮೇಲೆ ಎರಡೂ ಕಡೆ ನಿಂತು ಕಾಯಿ, ಹಣ್ಣು, ಮಣ್ಣುಹೆಂಟೆ ಬೇರೆ ಮಾಡುತ್ತಿದ್ದವರಲ್ಲಿ ಹೆಚ್ಚಿನವರು ಹೆಂಗಸರು. 1970ರ ದಶಕದ ನಡುವೆ ಬಣ್ಣ ಗುರುತಿಸುವ ಎಲೆಕ್ಟ್ರಾನಿಕ್ ಕಣ್ಣು ಬಂದು ಅವರ ಕೆಲಸವೂ ಹೋಯಿತು. ಸಾರ್ವಜನಿಕ ಹಣದ ಸಂಶೋಧನೆ ಯಾರ ಅನ್ನ ಕಸಿಯಿತು ಎಂದು ಕೃಷಿ ಕಾರ್ಮಿಕರ ಪರವಾಗಿ ವಿಶ್ವವಿದ್ಯಾಲಯದ ಮೇಲೆ ಕೇಸು ಬಿತ್ತು. ಒಂದು ಎಂ.ಎ. ಪ್ರಬಂಧಕ್ಕೆ ಇದೊಂದೇ ಸಾಕು.

ಛಾಯಾಗ್ರಾಹಕಿ ಡೊರೊತಿಯಾ ಲ್ಯಾಂಗ್ ಅವರ ‘ವಲಸೆ ತಾಯಿ’ ಚಿತ್ರವನ್ನು ಪುರಾವೆಯಾಗಿ ಬಳಸಬಹುದೇ?

ಬಳಸಬಹುದು, ಅದನ್ನು ಪ್ರಶ್ನಿಸಿಕೊಂಡು. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯದ ನಿಪೊಮೊದಲ್ಲಿ ಬಟಾಣಿ ಬಿಡಿಸುವವರ ಬಿಡಾರದಲ್ಲಿ ತೆಗೆದದ್ದು. ಸರ್ಕಾರಿ ಫೋಟೋ, ಮೂಲ ಅಡಿಬರಹದಲ್ಲಿ ಏಳು ಮಕ್ಕಳ ತಾಯಿ ಎಂದಿದೆ, ಹೆಸರಿಲ್ಲ. ಜಗತ್ತಿಗೆ ಆ ಹೆಂಗಸಿನ ಹೆಸರು ತಿಳಿದದ್ದು 1978ರಲ್ಲಿ: ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್. ಒಕ್ಲಹೋಮದಲ್ಲಿ ಹುಟ್ಟಿದ ಚೆರೋಕಿ ಮೂಲದವರು. ದೇಶವೆಲ್ಲ ಅವರನ್ನು ಬಡ ಬಿಳಿಯ ತಾಯಿ ಎಂದು ನೋಡಿ ಮರುಗಿತು. ಅದೇ ದಶಕದಲ್ಲಿ ಮೆಕ್ಸಿಕೊ ಮೂಲದ ಲಕ್ಷಾಂತರ ಜನರನ್ನು, ಅಲ್ಲೇ ಹುಟ್ಟಿದ ಮಕ್ಕಳನ್ನೂ ಸೇರಿಸಿ, ರೈಲು ಹತ್ತಿಸಿ ಗಡಿಯಾಚೆ ಕಳಿಸಲಾಯಿತು. ಅವರ ತಾಯಂದಿರ ಮುಖ ಆ ಬಗೆಯ ಮರುಕದ ಚಿತ್ರವಾಗಲಿಲ್ಲ. ಈ ಚಿತ್ರವೂ ಸೇರಿರುವ ಸರ್ಕಾರಿ ಫೋಟೋ ಸಂಗ್ರಹದ ಸುಮಾರು 1,75,000 ನೆಗೆಟಿವ್‌ಗಳು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಹೆಸರಾದ ಒಂದನ್ನು ಬಿಟ್ಟು ಪಕ್ಕದವನ್ನು ತೆರೆದು ನೋಡಿ, ಇಂಪೀರಿಯಲ್ ಕಣಿವೆಯ ಮೆಕ್ಸಿಕನ್ ಹೆಂಗಸರೂ ಅಲ್ಲಿದ್ದಾರೆ.

ರೈತ ಕೂಲಿಗಳ ಚಳವಳಿ ಎಂದರೆ ಸೀಸರ್ ಚಾವೆಸ್ ಎಂದಷ್ಟೇ ಪಠ್ಯದಲ್ಲಿದೆ. ಅಷ್ಟೇನಾ?

ಅಷ್ಟೇ ಅಲ್ಲ. 1965ರ ಸೆಪ್ಟೆಂಬರ್ 8ರಂದು ಕ್ಯಾಲಿಫೋರ್ನಿಯದ ಡೆಲಾನೊದಲ್ಲಿ ದ್ರಾಕ್ಷಿ ಮುಷ್ಕರ ಹೂಡಿದವರು ಲ್ಯಾರಿ ಇಟ್ಲಿಯಾಂಗ್ ಮುಂದಾಳುತನದ ಫಿಲಿಪಿನೊ ಕೂಲಿಗಳು. ಚಾವೆಸ್ ಮತ್ತು ಡೊಲೊರೆಸ್ ವೆರ್ತಾ 1962ರಲ್ಲಿ ಕಟ್ಟಿದ್ದ ಸಂಘ ಒಂದು ವಾರದ ನಂತರ ಜೊತೆಗೂಡಿತು. ಕರಾರುಗಳನ್ನು ಮಾತಾಡಿ ಕುದುರಿಸಿದವರು ವೆರ್ತಾ. ಅದಕ್ಕೂ ಮೊದಲು, 1938ರಲ್ಲಿ ಟೆಕ್ಸಸ್‌ನ ಸ್ಯಾನ್ ಆಂಟೋನಿಯೊದಲ್ಲಿ ಪೀಕನ್ ಕಾಯಿ ಒಡೆಯುವ ಸುಮಾರು 12,000 ಕೂಲಿಗಳು, ಹೆಚ್ಚಿನವರು ಮೆಕ್ಸಿಕನ್ ಹೆಂಗಸರು, ಕೆಲಸ ನಿಲ್ಲಿಸಿದಾಗ ಮುಂದೆ ನಿಂತದ್ದು ಇಪ್ಪತ್ತೊಂದರ ಎಮ್ಮಾ ತೆನಾಯುಕಾ. ಗ್ವಾಟೆಮಾಲದ ಲೂಯಿಸಾ ಮೊರೆನೊ ಕ್ಯಾನಿಂಗ್ ಕಾರ್ಖಾನೆಗಳಲ್ಲಿ ಸಂಘ ಕಟ್ಟಿದರು.

ಕಾನೂನಿನ ಹಿನ್ನೆಲೆ ಬಿಡಬೇಡಿ. ಸಂಘ ಕಟ್ಟುವ ಹಕ್ಕು ಕೊಟ್ಟ 1935ರ ವ್ಯಾಗ್ನರ್ ಕಾಯ್ದೆಯಿಂದ ಹೊಲದ ಕೂಲಿಗಳನ್ನೂ ಮನೆಗೆಲಸದವರನ್ನೂ ಹೊರಗಿಟ್ಟರು. ಕ್ಯಾಲಿಫೋರ್ನಿಯದಲ್ಲಿ ಹೊಲದವರಿಗೆ ಆ ಹಕ್ಕು ಸಿಕ್ಕಿದ್ದು 1975ರಲ್ಲಿ. ಅದೇ ವರ್ಷ ‘ಎಲ್ ಕೊರ್ತಿತೊ’ ಎಂಬ ಗಿಡ್ಡ ಹಿಡಿಯ ಕಳೆಗುದ್ದಲಿಗೂ ನಿಷೇಧ ಬಂತು. ಹಿಡಿ ಅಷ್ಟು ಗಿಡ್ಡವಾದ್ದರಿಂದ ಲೆಟ್ಯೂಸ್ ಸಾಲಿನಲ್ಲಿ ಬೆಳಗಿನಿಂದ ಸಂಜೆವರೆಗೆ ಬಗ್ಗಿಯೇ ಇರಬೇಕು. ಯಾರಾದರೂ ಸೊಂಟ ನೆಟ್ಟಗೆ ಮಾಡಿದರೆ ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು. ಗಿಡಕ್ಕೆ ಏಟು ಬೀಳಬಾರದೆಂದು ಈ ಉಪಕರಣ ಎಂದು ಮಾಲೀಕರು ವಾದಿಸಿದ್ದರು. ಉದ್ದ ಹಿಡಿ ಬಂದ ಮೇಲೂ ಲೆಟ್ಯೂಸ್ ಚೆನ್ನಾಗಿಯೇ ಬೆಳೆಯಿತು.

ಧಾರವಾಡದಲ್ಲೋ ಮೈಸೂರಿನಲ್ಲೋ ಕೂತು ಇದನ್ನೆಲ್ಲ ಮಾಡಲು ಸಾಧ್ಯವೇ?

ಎಂ.ಎ. ಪ್ರಬಂಧಕ್ಕೆ ಖಂಡಿತ ಸಾಧ್ಯ. ಹಳೆಯ ಪತ್ರಿಕೆಗಳಿಗೆ ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ ಪುಕ್ಕಟೆ, ಲಾಗಿನ್ ಕೂಡ ಬೇಡ. ಬ್ರಸೆರೊ ಕೂಲಿಗಳ ಸಂದರ್ಶನಗಳು ‘ಬ್ರಸೆರೊ ಹಿಸ್ಟರಿ ಆರ್ಕೈವ್’ನಲ್ಲಿವೆ. ಎಲ್ ಪಾಸೊದ ಟೆಕ್ಸಸ್ ವಿಶ್ವವಿದ್ಯಾಲಯದ ಮೌಖಿಕ ಇತಿಹಾಸ ಸಂಗ್ರಹವೂ ದೊಡ್ಡದು. ದಕ್ಷಿಣ ಏಷ್ಯದವರ ಕಾಗದ, ಫೋಟೋಗಳಿಗೆ ‘ಸಾಡಾ’ ಎಂಬ ಡಿಜಿಟಲ್ ಪತ್ರಾಗಾರವಿದೆ. ಜನಗಣತಿ ಹಾಳೆಗಳು 72 ವರ್ಷದ ಬಳಿಕ ಬಿಡುಗಡೆಯಾಗುತ್ತವೆ. 1950ರದ್ದು 2022ರ ಏಪ್ರಿಲಿನಲ್ಲಿ ಬಂತು. ‘ಫ್ಯಾಮಿಲಿಸರ್ಚ್’ನಲ್ಲಿ ಖಾತೆ ತೆರೆದರೆ ಇವನ್ನು ನೋಡಬಹುದು. ರೈತ ಕೂಲಿಗಳ ಸಂಘದ ಮೂಲ ಕಾಗದಗಳು ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದ ರೂಥರ್ ಗ್ರಂಥಾಲಯದಲ್ಲಿವೆ. ಸ್ವಲ್ಪ ಭಾಗ ಮಾತ್ರ ಆನ್‌ಲೈನಿನಲ್ಲಿದೆ, ಆದರೆ ಯಾವ ಪೆಟ್ಟಿಗೆಯಲ್ಲಿ ಏನಿದೆ ಎಂಬ ಪಟ್ಟಿ ಸಿಗುತ್ತದೆ. ಪತ್ರಾಗಾರದವರಿಗೆ ಇಮೇಲ್ ಬರೆಯಲು ಸಂಕೋಚ ಪಡಬೇಡಿ. ಪೆಟ್ಟಿಗೆ, ಫೋಲ್ಡರ್ ಸಂಖ್ಯೆ ಹಾಕಿ ನಿಖರವಾಗಿ ಕೇಳಿ. ‘ಮಹಿಳೆಯರ ಬಗ್ಗೆ ಏನಿದ್ದರೂ ಕಳಿಸಿ’ ಎಂದರೆ ಯಾರೂ ಏನೂ ಕಳಿಸಲಾರರು.

ಸ್ಪ್ಯಾನಿಷ್ ಕಲಿಯಲೇಬೇಕೇ?

ಪಿಎಚ್.ಡಿ.ಗೆ ಕಲಿಯಲೇಬೇಕು. ಎಂ.ಎ.ಗೆ ಇಂಗ್ಲಿಷ್ ದಾಖಲೆಗಳೇ ಸಾಕಾಗುವ ವಿಷಯ ಆರಿಸಿಕೊಂಡು, ಪಕ್ಕದಲ್ಲಿ ಕಲಿಯುತ್ತಿರಿ.

ವಿಷಯ ಎಷ್ಟು ಚಿಕ್ಕದಿರಬೇಕು?

ಒಂದು ಕೌಂಟಿ, ಒಂದು ಬೆಳೆ, ಹತ್ತು ವರ್ಷ. ‘ಅಮೆರಿಕದ ಕೃಷಿಯಲ್ಲಿ ಮಹಿಳೆಯ ಪಾತ್ರ’ ಎಂದು ಸಿನಾಪ್ಸಿಸ್ ಬರೆದರೆ ಇನ್ನೊಬ್ಬರ ಪುಸ್ತಕಗಳ ಸಾರಾಂಶ ಬಿಟ್ಟು ಬೇರೇನೂ ಬರುವುದಿಲ್ಲ. ‘1920ರಿಂದ 1930ರವರೆಗೆ ಇಂಪೀರಿಯಲ್ ಕೌಂಟಿಯ ಹೋಲ್ಟ್‌ವಿಲ್ ಸುತ್ತ, ಮನೆಯಲ್ಲಿ ಊಟಕ್ಕೆ ಕೂಲಿಗಳನ್ನು ಇಟ್ಟುಕೊಂಡ ಮೆಕ್ಸಿಕನ್ ಹೆಂಗಸರು’ ಎಂದರೆ ಎರಡು ಜನಗಣತಿ, ಒಂದಿಷ್ಟು ಪತ್ರಿಕೆ ಓದಿ ಹೊಸದೊಂದನ್ನು ಹೇಳಬಹುದು.

‘ಇದರಿಂದ ನಮಗೇನು?’ ಎಂದು ಗೈಡ್ ಕೇಳುತ್ತಾರೆ. ಏನು ಹೇಳಲಿ?

ಹೆಬ್ಬಾಳದ ಕಡೆ ತೋರಿಸಿ. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದದ್ದು ಅಮೆರಿಕದ ಲ್ಯಾಂಡ್ ಗ್ರಾಂಟ್ ಮಾದರಿಯಲ್ಲಿ, ಟೆನೆಸಿ ವಿಶ್ವವಿದ್ಯಾಲಯದ ನೆರವಿನೊಂದಿಗೆ. ಬೋಧನೆ, ಸಂಶೋಧನೆ, ವಿಸ್ತರಣೆ ಎಂಬ ಮೂರು ಕಂಬಗಳು ಅಲ್ಲಿನವು. ಮೂಲದಲ್ಲಿ, 1862ರ ಮಾರಿಲ್ ಕಾಯ್ದೆಯಡಿ ಆ ಕಾಲೇಜುಗಳಿಗೆ ಬಂಡವಾಳವಾಗಿ ಕೊಟ್ಟ ಭೂಮಿ ಮೂಲನಿವಾಸಿಗಳಿಂದ ಕಸಿದದ್ದು. 1914ರ ಸ್ಮಿತ್-ಲೀವರ್ ಕಾಯ್ದೆ ಊರೂರಿಗೆ ವಿಸ್ತರಣಾ ಕೆಲಸ ತಂದಾಗ ಗಂಡಸಿಗೆ ಬೆಳೆಯ ಪಾಠ, ಹೆಂಗಸಿಗೆ ಡಬ್ಬಿಯಲ್ಲಿ ಹಣ್ಣು ತುಂಬುವ ಪಾಠ ಎಂದು ಹಂಚಿತು. ನಮ್ಮಲ್ಲೂ ಕೃಷಿ ಕಾಲೇಜಿನ ಪಕ್ಕ ಗೃಹ ವಿಜ್ಞಾನದ ಕಾಲೇಜು ಬಂತು, ಧಾರವಾಡದಲ್ಲಿ ಈಗ ಅದಕ್ಕೆ ಸಮುದಾಯ ವಿಜ್ಞಾನ ಎಂಬ ಹೆಸರು. ಹೊಲದಲ್ಲಿ ದೊಡ್ಡ ಪಾಲು ಕೆಲಸ ಮಾಡುವವಳಿಗೆ ಬೀಜ, ಗೊಬ್ಬರದ ತರಬೇತಿ ಯಾಕೆ ಕಡಿಮೆ ಸಿಕ್ಕಿತು ಎಂಬ ನಮ್ಮ ಪ್ರಶ್ನೆಗೆ ಒಂದು ಬೇರು ಅಲ್ಲಿದೆ.

ಅಮೆರಿಕದಲ್ಲೇ ಓದುತ್ತಿದ್ದೇನೆ. ಹಳೆಯ ಕೂಲಿ ಕುಟುಂಬಗಳ ಸಂದರ್ಶನ ಮಾಡುವಾಗ ಏನು ಗಮನಿಸಬೇಕು?

‘ನಿಮ್ಮ ತಾಯಿ ಏನು ಕೆಲಸ ಮಾಡುತ್ತಿದ್ದರು?’ ಎಂದು ಕೇಳಬೇಡಿ. ‘ಮನೇಲೇ ಇದ್ದರು’ ಎಂಬ ಉತ್ತರ ಬರುತ್ತದೆ, ಜನಗಣತಿಯ ‘ಇಲ್ಲ’ದ ಹಾಗೆ. ಬೆಳಿಗ್ಗೆ ಎಷ್ಟಕ್ಕೆ ಏಳುತ್ತಿದ್ದರು, ಹೊಲಕ್ಕೆ ಬುತ್ತಿ ಯಾರು ಕಟ್ಟುತ್ತಿದ್ದರು, ಪ್ಯಾಕಿಂಗ್ ಶೆಡ್ಡಿಗೆ ಹೋದಾಗ ಎಳೆಮಗುವನ್ನು ಯಾರ ಹತ್ತಿರ ಬಿಡುತ್ತಿದ್ದರು, ಕೂಲಿಯ ಚೆಕ್ಕು ಯಾರ ಹೆಸರಿನಲ್ಲಿ ಬರುತ್ತಿತ್ತು ಎಂದು ಕೇಳಿ. ಕೊನೆಯ ಪ್ರಶ್ನೆ ಮುಖ್ಯ. ಇಡೀ ಸಂಸಾರ ಬಿಡಿಸಿದ ಹತ್ತಿಗೆ ಅಪ್ಪನ ಹೆಸರಿನಲ್ಲಿ ಒಂದೇ ಚೆಕ್ಕು ಬರುವುದು ಮಾಮೂಲಾಗಿತ್ತು.

ಕೆಲವರಿಗೆ ಇವತ್ತಿಗೂ ಕಾಗದಪತ್ರ ಇಲ್ಲ, ಅಥವಾ ಮನೆಯಲ್ಲಿ ಯಾರಿಗೋ ಇಲ್ಲ. ಹೆಸರು, ಊರು, ಗಡಿ ದಾಟಿದ ದಾರಿ ಯಾವುದನ್ನೂ ಅವರ ಒಪ್ಪಿಗೆಯಿಲ್ಲದೆ ಬರೆದುಕೊಳ್ಳಬೇಡಿ. ರೆಕಾರ್ಡಿಂಗನ್ನು ಫೋನಿನ ಕ್ಲೌಡಿಗೆ ತಾನಾಗಿ ಏರಲು ಬಿಡಬೇಡಿ. ನಡುವೆ ನಿಲ್ಲಿಸಿ ಎಂದರೆ ನಿಲ್ಲಿಸಿ, ಅಳಿಸಿ ಎಂದರೆ ಅವರೆದುರಿಗೇ ಅಳಿಸಿ. ನಿಮ್ಮ ವಿಶ್ವವಿದ್ಯಾಲಯದ ನೈತಿಕ ಪರಿಶೀಲನಾ ಸಮಿತಿಯ ಅನುಮತಿ ಬೇಕೇ ಎಂದು ಮೊದಲೇ ವಿಚಾರಿಸಿ. ಬೇಕು ಎಂದರೆ ಅರ್ಜಿ, ಒಪ್ಪಿಗೆ ಪತ್ರದ ಸ್ಪ್ಯಾನಿಷ್ ಅನುವಾದ, ತಿದ್ದುಪಡಿ ಎಂದು ಒಂದು ಸೆಮಿಸ್ಟರ್ ಹಿಡಿಯಬಹುದು. ಬೇಸಿಗೆಯಲ್ಲಿ ಮಾತಾಡಿಸಬೇಕೆಂದಿದ್ದರೆ ಅದರ ಹಿಂದಿನ ಚಳಿಗಾಲದಲ್ಲೇ ಅರ್ಜಿ ಕೊಡಿ.